ತಕ್ಕಡಿ ಕಳಿಸಿದ್ದು ಅಕ್ಷರ, ಬಿಲ್ಲಿಗೆ ಬೇಕಾದ್ದು ಅಂಕೆ: ಸಿ ಭಾಷೆಯಲ್ಲಿ ದಶಮಾಂಶ ಓದುವುದನ್ನು ಪರೀಕ್ಷಿಸುವ ಬಗೆ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಒಂದು ಅಡಿಕೆ ಅಂಗಡಿ. ಅಲ್ಲಿನ ಎಲೆಕ್ಟ್ರಾನಿಕ್ ತಕ್ಕಡಿಯಿಂದ ತೂಕ ನೇರ ಕಂಪ್ಯೂಟರಿಗೆ ಬರಲಿ ಅಂತ ಸಿ ಭಾಷೆಯಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಮೊದಲ ದಿನವೇ ಧಣಿಗಳ ಫೋನ್ ಬಂತು.

"ಇದೆಂತ ಮಾರಾಯ್ರೇ, ತಕ್ಕಡಿ ಅರುವತ್ತನಾಲ್ಕು ಹೇಳ್ತದೆ, ನಿಮ್ಮ ಕಂಪ್ಯೂಟರ್ ಸೊನ್ನೆ ಹೇಳ್ತದೆ. ನಾನು ಯಾರನ್ನು ನಂಬುವುದು?"

ಹೋಗಿ ನೋಡಿದೆ. ಚಾಲಿ, ಅಂದರೆ ಒಣಗಿಸಿದ ಅಡಿಕೆ, ತುಂಬಿದ ಗೋಣಿ ತಕ್ಕಡಿಯ ಮೇಲಿತ್ತು. ತಕ್ಕಡಿಯಲ್ಲಿ 64.350, ಬಿಲ್ಲಿನಲ್ಲಿ 0.000. ಗೋಣಿ ತಂದವರು ನನ್ನ ಮುಖವನ್ನೇ ನೋಡುತ್ತಿದ್ದರು. ತಪ್ಪು ನನ್ನದೇ. ಮನೆಯಲ್ಲಿ ಪರೀಕ್ಷೆ ಮಾಡುವಾಗ "64.350" ಅಂತ ಕೈಯಲ್ಲೇ ಟೈಪ್ ಮಾಡಿದ್ದೆ. ತಕ್ಕಡಿ ಕಳಿಸುತ್ತಿದ್ದದ್ದು "+  64.350". ಅಂದರೆ ಒಂದು ಪ್ಲಸ್ ಚಿಹ್ನೆ, ಎರಡು ಸ್ಪೇಸ್, ಆಮೇಲೆ ಅಂಕೆ. ಸಿ ಲೈಬ್ರರಿ ಅಂಕೆಗೆ ಮೊದಲು ಸ್ಪೇಸ್ ಇದ್ದರೆ ದಾಟಿ ಹೋಗುತ್ತದೆ, ಪ್ಲಸ್ ಮೈನಸ್ ಇದ್ದರೂ ಒಪ್ಪುತ್ತದೆ. ಆದರೆ ಚಿಹ್ನೆ ಆದ ಮೇಲೆ ಸ್ಪೇಸ್ ಬಂದರೆ ಅಲ್ಲಿಗೇ ಕೈಬಿಡುತ್ತದೆ. ಅಕ್ಷರವನ್ನು ಸಂಖ್ಯೆಯಾಗಿ ಬದಲಿಸಲು ನಾನು ಬಳಸಿದ್ದ ಎಟಾಫ್ ಅನ್ನುವ ಫಂಕ್ಷನ್ ಮಾತ್ರ ಕೈಬಿಟ್ಟೆ ಅಂತ ಹೇಳಲಿಲ್ಲ. ಸುಮ್ನೆ 0 ಕೊಟ್ಟು ಕೂತಿತು.

ಆ ದಿನದಿಂದ ಈ ಪರೀಕ್ಷೆಯನ್ನು ಹೇಗೆ ಮಾಡುತ್ತಿದ್ದೇನೆ ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಫಂಕ್ಷನ್ ಹೆಸರುಗಳನ್ನು ಬಾಯಲ್ಲಿ ಹೇಳುವ ಹಾಗೆಯೇ ಕನ್ನಡದಲ್ಲಿ ಬರೆಯುತ್ತೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರವೇ ಬೇಕು ಅಂತ ನಿಮಗೆ ಹೇಳಬೇಕಾಗಿಲ್ಲ.

ಮೊದಲ ಹೆಜ್ಜೆ: ಎಟಾಫ್ ಬಿಡಿ

ಎ-ಟಿ-ಒ-ಎಫ್ ಎಂದು ಬರೆಯುವ ಎಟಾಫ್‌ನಲ್ಲಿ ಪರೀಕ್ಷಿಸಲು ಏನೂ ಇಲ್ಲ. "0" ಕೊಟ್ಟರೂ 0, "ಅಡಿಕೆ" ಅಂತ ಕೊಟ್ಟರೂ 0. ಡಬಲ್‌ನಲ್ಲಿ, ಅಂದರೆ ಸಿ ಯಲ್ಲಿ ದಶಮಾಂಶ ಸಂಖ್ಯೆ ಇಡುವ ಜಾಗದಲ್ಲಿ, ಹಿಡಿಸದಷ್ಟು ದೊಡ್ಡ ಸಂಖ್ಯೆ ಕೊಟ್ಟರೆ ಏನಾಗಬೇಕು ಅನ್ನುವುದನ್ನು ಸಿ ಮಾನದಂಡ ಹೇಳುವುದೇ ಇಲ್ಲ. ಏನು ಬೇಕಾದರೂ ಆಗಬಹುದು.

ಅದರ ಬದಲು ಎಸ್-ಟಿ-ಆರ್-ಟಿ-ಒ-ಡಿ, ಅಂದರೆ ಸ್ಟ್ರ್‌ಟಾಡ್. ಇದು ಮೂರು ವಿಷಯ ಹೇಳುತ್ತದೆ. ಒಂದು, ಓದಿದ ಬೆಲೆ. ಎರಡು, ಓದು ಎಲ್ಲಿ ನಿಂತಿತು ಅನ್ನುವ ಎಂಡ್‌ಪಾಯಿಂಟರ್. ಮೂರು, ಸಂಖ್ಯೆ ಹಿಡಿಸಲಿಲ್ಲ ಅಂತಾದರೆ ಎರ್‌ನೋದಲ್ಲಿ, ಅಂದರೆ ಲೈಬ್ರರಿ ತಪ್ಪಿನ ಸಂಕೇತ ಇಡುವ ವೇರಿಯೇಬಲ್‌ನಲ್ಲಿ, ಇರೇಂಜ್ ಅನ್ನುವ ಗುರುತು. ಏನೂ ಓದಲಾಗದೆ ಇದ್ದಾಗ ಇದೂ 0 ಕೊಡುತ್ತದೆ, ಆದರೆ ಎಂಡ್‌ಪಾಯಿಂಟರ್ ಶುರುವಿನ ಜಾಗದಲ್ಲೇ ನಿಂತಿರುತ್ತದೆ. ನಿಜವಾದ ಸೊನ್ನೆಗೂ ಸೋತ ಸೊನ್ನೆಗೂ ವ್ಯತ್ಯಾಸ ಗೊತ್ತಾಗುವುದು ಅಲ್ಲಿಯೇ. ಹೆಚ್ಚಿನವರು ಬೆಲೆಯೊಂದನ್ನೇ ಪರೀಕ್ಷೆ ಮಾಡುತ್ತಾರೆ. ನನ್ನ ಮಟ್ಟಿಗೆ ನಿಂತ ಜಾಗವೇ ಜಾಸ್ತಿ ಮುಖ್ಯ.

ಎರ್‌ನೋ ಬಗ್ಗೆ ಒಂದು ಮಾತು. ಸ್ಟ್ರ್‌ಟಾಡ್ ಸರಿಯಾಗಿ ಓದಿದಾಗ ಎರ್‌ನೋವನ್ನು ತಾನಾಗಿ ಸೊನ್ನೆ ಮಾಡುವುದಿಲ್ಲ. ಹಾಗಾಗಿ ಪ್ರತಿ ಸಲ ಕರೆಯುವ ಮೊದಲು ನೀವೇ ಸೊನ್ನೆ ಹಾಕಬೇಕು. ಕರೆದ ಕೂಡಲೇ ಅದನ್ನು ಬೇರೆ ವೇರಿಯೇಬಲ್‌ಗೆ ಎತ್ತಿಟ್ಟುಕೊಳ್ಳಿ. ನಡುವೆ ಒಂದು ಪ್ರಿಂಟ್‌ಎಫ್ ಬಂದರೂ ಎರ್‌ನೋ ಬದಲಾಗಿರಬಹುದು.

ಎರಡನೇ ಹೆಜ್ಜೆ: ಒಂದು ಪಟ್ಟಿ, ನಾಲ್ಕು ಕಾಲಂ

ಪರೀಕ್ಷೆಗೆಂದು ದೊಡ್ಡ ಲೈಬ್ರರಿ ಏನೂ ಬೇಡ. ಒಂದು ಸ್ಟ್ರಕ್ಟ್ ಅರೇ ಸಾಕು. ಪ್ರತಿ ಸಾಲಿನಲ್ಲಿ ಕೊಡುವ ಸ್ಟ್ರಿಂಗ್, ಬರಬೇಕಾದ ಬೆಲೆ, ಓದಬೇಕಾದ ಅಕ್ಷರಗಳ ಲೆಕ್ಕ, ಇರಬೇಕಾದ ಎರ್‌ನೋ. ಒಂದು ಲೂಪ್ ಎಲ್ಲವನ್ನೂ ಓಡಿಸಿ, ತಪ್ಪಿದ ಸಾಲನ್ನು ಮಾತ್ರ ತೋರಿಸಲಿ. ಮೊದಲು ಸಾದಾ ಸಾಲುಗಳು:

"64.350": ಬೆಲೆ 64.35, ಓದಿದ್ದು 6.
"  64.350": ಬೆಲೆ ಅದೇ, ಓದಿದ್ದು 8. ಶುರುವಿನ ಎರಡು ಸ್ಪೇಸ್ ಕೂಡ ಲೆಕ್ಕಕ್ಕೆ ಬರುತ್ತದೆ.
"64.350ಕೆಜಿ": ಬೆಲೆ ಅದೇ, ಓದಿದ್ದು 6.
"+  64.350": ಬೆಲೆ 0, ಓದಿದ್ದು 0. ನನ್ನ ಮಾನ ಕಳೆದ ಸಾಲು ಇದು, ಪಟ್ಟಿಯಲ್ಲಿ ಇರಲೇಬೇಕು.
".5": ಬೆಲೆ 0.5, ಓದಿದ್ದು 2.
"5.": ಬೆಲೆ 5, ಓದಿದ್ದು 2. ಚುಕ್ಕಿಯನ್ನೂ ನುಂಗುತ್ತದೆ.
".": ಬೆಲೆ 0, ಓದಿದ್ದು 0.
ಖಾಲಿ ಸ್ಟ್ರಿಂಗ್, ಬರೀ ಸ್ಪೇಸ್ ಇರುವ ಸ್ಟ್ರಿಂಗ್: ಎರಡರಲ್ಲೂ ಓದಿದ್ದು 0.
"1,25,000.50": ಬೆಲೆ 1, ಓದಿದ್ದು 1.

ಈ ಕೊನೆಯದ್ದನ್ನು ನೋಡಿ. ಒಂದು ಲಕ್ಷ ಇಪ್ಪತ್ತೈದು ಸಾವಿರ ರೂಪಾಯಿ ಅಂತ ನಾವು ಕಾಮಾ ಹಾಕಿ ಬರೆದದ್ದು ಸಿ ಕೈಗೆ ಸಿಕ್ಕಿ ಒಂದು ರೂಪಾಯಿ ಆಯಿತು. ಎರ್‌ನೋ ಕೂಡ ಸುಮ್ಮನಿರುತ್ತದೆ, ಯಾಕೆಂದರೆ ಲೈಬ್ರರಿಯ ಪ್ರಕಾರ ಇದು ತಪ್ಪೇ ಅಲ್ಲ. ಅದು 1 ಓದಿತು, ಕಾಮಾ ಕಂಡು ನಿಂತಿತು, ಅಷ್ಟೆ. ಎಂಡ್‌ಪಾಯಿಂಟರ್ ನೋಡದವರಿಗೆ ಇದು ಗೊತ್ತಾಗುವುದು ವರ್ಷದ ಕೊನೆಗೆ ಲೆಕ್ಕ ತಾಳೆಯಾಗದೆ ಇದ್ದಾಗ.

ಮೂರನೇ ಹೆಜ್ಜೆ: ಅಂಕೆಯಂತೆ ಕಾಣದ ಅಂಕೆಗಳು

ಇಲ್ಲಿ ಸ್ವಲ್ಪ ನಿಧಾನ ಮಾಡೋಣ. ಆಟ ಇರುವುದೇ ಇಲ್ಲಿ.

ಸ್ಟ್ರ್‌ಟಾಡ್‌ಗೆ ಇಂಗ್ಲಿಷಿನ ಇ ಅಕ್ಷರ ಅಂದರೆ ಹತ್ತರ ಘಾತ. ಗೋಡೌನಿನಲ್ಲಿ ಎರಡನೇ ಸಾಲು, ಇ ಅಟ್ಟೆ, ಮೂರನೇ ಗೋಣಿ ಅಂತ ಗುರುತಿಗೆ 2-ಇ-3 ಎಂದು ಒಟ್ಟಿಗೆ ಬರೆದಿದ್ದೀರಿ ಅಂತಿಟ್ಟುಕೊಳ್ಳಿ. ತಪ್ಪಿ ಅದು ತೂಕದ ಕಾಲಂಗೆ ಬಿದ್ದರೆ 2000 ಕಿಲೋ. ಪೂರ್ತಿ ಓದಿರುತ್ತದೆ, ಉಳಿಕೆ ಇಲ್ಲ, ಎರ್‌ನೋ ಶುದ್ಧ. 1 ರ ಪಕ್ಕ ಇ ಬರೆದು ಮುಂದೆ ಏನೂ ಬರೆಯದಿದ್ದರೆ ಮಾತ್ರ ಅದು 1 ಅನ್ನು ಓದಿ, ಇ ಹತ್ತಿರ ನಿಲ್ಲಬೇಕು. ಇ ಆದ ಮೇಲೆ ಬರೀ ಪ್ಲಸ್ ಇದ್ದರೂ ಹಾಗೆಯೇ. ಎರಡನ್ನೂ ಪಟ್ಟಿಗೆ ಸೇರಿಸಿ. ಸ್ವಂತವಾಗಿ ಪಾರ್ಸರ್, ಅಂದರೆ ಅಕ್ಷರ ಓದಿ ಬಿಡಿಸುವ ಕೋಡ್, ಬರೆದವರು ಜಾಸ್ತಿ ಎಡವುವುದು ಈ ಜಾಗದಲ್ಲೇ. ಅವರ ಕೋಡ್ ಇ ಯನ್ನೂ ನುಂಗಿ ಮುಂದೆ ಹೋಗಿರುತ್ತದೆ.

ಸಿ99, ಅಂದರೆ 1999ರ ಸಿ ಮಾನದಂಡ, ಬಂದ ಮೇಲೆ ಹದಿನಾರರ ಪದ್ಧತಿಯ ಸಂಖ್ಯೆಯನ್ನೂ ಒಪ್ಪುತ್ತದೆ. 0 ಮತ್ತು ಎಕ್ಸ್ ಆದ ಮೇಲೆ 10 ಬರೆದರೆ 16 ಬರುತ್ತದೆ. 0 ಮತ್ತು ಎಕ್ಸ್ ಮಾತ್ರ ಇದ್ದರೆ ಬೆಲೆ 0, ಓದಿದ್ದು 1, ನಿಂತ ಜಾಗ ಎಕ್ಸ್.

ಇನ್ನೂ ಮಜಾ ಇರುವುದು ನ್ಯಾನ್ ಮತ್ತು ಇನ್ಫ್. ಸಂಖ್ಯೆಯಲ್ಲದ್ದು ಮತ್ತು ಅನಂತ ಅನ್ನುವುದನ್ನು ಸೂಚಿಸುವ ಈ ಎರಡು ಪದಗಳನ್ನೂ ಸಿ99ರಿಂದ ಸ್ಟ್ರ್‌ಟಾಡ್ ಓದುತ್ತದೆ, ಇಂಗ್ಲಿಷ್ ದೊಡ್ಡಕ್ಷರವಾದರೂ ಸಣ್ಣಕ್ಷರವಾದರೂ ಸರಿ. ಈಗ ಇಂಗ್ಲಿಷ್ ಅಕ್ಷರದಲ್ಲಿ ನಂದ ಅಂತ ಬರೆದು ಕೊಡಿ. ಮೊದಲ ಮೂರು ಅಕ್ಷರ ಎನ್-ಎ-ಎನ್ ಅಲ್ವಾ? ಅದನ್ನು ನ್ಯಾನ್ ಅಂತ ಓದಿ, ಉಳಿದ ಡಿ-ಎ ಹತ್ತಿರ ನಿಲ್ಲುತ್ತದೆ. ಗಿರಾಕಿಯ ಹೆಸರು ತೂಕದ ಕಾಲಂಗೆ ಜಾರಿದರೆ ನಂದ, ನಂಜುಂಡ ಇವರೆಲ್ಲ "ಸಂಖ್ಯೆ" ಆಗುತ್ತಾರೆ, ಸುಬ್ರಾಯ ಆಗುವುದಿಲ್ಲ.

ನ್ಯಾನ್ ಒಳಗೆ ಬಂತು ಅಂದರೆ ಕಷ್ಟ. ಅದನ್ನು ಯಾವುದರ ಜೊತೆ ದೊಡ್ಡದೋ ಚಿಕ್ಕದೋ ಅಂತ ಹೋಲಿಸಿದರೂ ಉತ್ತರ ಸುಳ್ಳೇ. "ತೂಕ 0 ಕ್ಕಿಂತ ಕಡಿಮೆಯಾದರೆ, ಇಲ್ಲವೇ 150 ಕ್ಕಿಂತ ಜಾಸ್ತಿಯಾದರೆ ಬೇಡ" ಅಂತ ಬರೆದಿದ್ದರೆ ನ್ಯಾನ್ ಆರಾಮಾಗಿ ಒಳಗೆ ಬರುತ್ತದೆ. ಅದನ್ನೇ "0 ಅಥವಾ ಅದಕ್ಕಿಂತ ಜಾಸ್ತಿಯಿದ್ದು 150 ಮೀರದಿದ್ದರೆ ಮಾತ್ರ ಬೇಕು" ಅಂತ ತಿರುಗಿಸಿ ಬರೆದರೆ ಹೊರಗೇ ಉಳಿಯುತ್ತದೆ. ಜೊತೆಗೆ ನ್ಯಾನ್, ಅನಂತ ಎರಡೂ ಅಲ್ಲ ಅಂತ ನೋಡುವ ಈಸ್‌ಫೈನೈಟ್ ಕೂಡ ಹಾಕಿ. ಕಂಪೈಲ್ ಮಾಡುವಾಗ ವೇಗಕ್ಕೆಂದು ಫಾಸ್ಟ್‌ಮ್ಯಾಥ್ ಆಯ್ಕೆ ಕೊಟ್ಟಿದ್ದರೆ ತೆಗೆಯಿರಿ. ಅದು ಇದ್ದರೆ ಜಿಸಿಸಿ ಕಂಪೈಲರ್ ನ್ಯಾನ್, ಅನಂತ ಎಂಬುದೇ ಬರುವುದಿಲ್ಲ ಅಂದುಕೊಂಡು ನಿಮ್ಮ ತಪಾಸಣೆಯನ್ನೇ ಅಳಿಸಿ ಹಾಕಬಹುದು. ಪರೀಕ್ಷೆಯಲ್ಲಿ ನ್ಯಾನ್ ಬರಬೇಕಾದ ಸಾಲನ್ನು ಸಮ-ಸಮ (==) ಹಾಕಿ ಹೋಲಿಸಿದರೆ ಅದು ಯಾವತ್ತೂ ಫೇಲ್. ಅಲ್ಲಿ ಈಸ್‌ನ್ಯಾನ್ ಬಳಸಿ.

"-0" ಕೂಡ ಇರಲಿ. ತಕ್ಕಡಿ ಖಾಲಿ ಇರುವಾಗ ಕೆಲವೊಮ್ಮೆ ಹಾಗೆ ಕಳಿಸುತ್ತದೆ. ಬರುವುದು ಮೈನಸ್ ಸೊನ್ನೆ. 0 ಜೊತೆ ಹೋಲಿಸಿದರೆ ಸಮ ಅನ್ನುತ್ತದೆ, ಆದರೆ ಬಿಲ್ಲಿನಲ್ಲಿ "-0.000" ಅಂತ ಅಚ್ಚಾಗುತ್ತದೆ. ಚಿಹ್ನೆ ನೋಡಲು ಸೈನ್‌ಬಿಟ್ ಬೇಕು.

ನಾಲ್ಕನೇ ಹೆಜ್ಜೆ: ಕನ್ನಡ ಅಂಕೆ, ಕಾಣದ ಬೈಟ್

ನಮ್ಮ ಕಡೆಯ ಅಂಗಡಿಗಳಿಗೆ ಈ ಹೆಜ್ಜೆ ಬೇಕೇ ಬೇಕು. ಧಣಿಗಳು ಹಳೆಯ ಕ್ರಮದವರು, ಲೆಕ್ಕದ ಪುಸ್ತಕದಲ್ಲಿ ಕನ್ನಡ ಅಂಕೆಯೇ ಬರೆಯುವುದು. ಅವರ ಮಗ ಅದನ್ನು ಹಾಗೆಯೇ ಕಂಪ್ಯೂಟರಿಗೆ ಹಾಕಿದ. "೬೪.೩೫೦" ಕೊಟ್ಟರೆ ಸ್ಟ್ರ್‌ಟಾಡ್ ಏನೂ ಓದುವುದಿಲ್ಲ. ಬೆಲೆ 0, ಓದಿದ್ದು 0. ಇದು ಕೂಡಲೇ ಕಣ್ಣಿಗೆ ಬೀಳುತ್ತದೆ, ಪರವಾಗಿಲ್ಲ. "6೪.350" ಅಂತ ಮಿಶ್ರವಾದರೆ ಬೆಲೆ 6 ಬರುತ್ತದೆ. ಅದು ಅಪಾಯ.

ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಒಂದು ಕನ್ನಡ ಅಂಕೆಗೆ ಮೂರು ಬೈಟ್. ಮೊದಲ ಎರಡು ಯಾವಾಗಲೂ 224, 179. ಮೂರನೆಯದು ೦ ಗೆ 166, ೯ ಕ್ಕೆ 175. ಮಲಯಾಳ ಅಂಕೆಗಾದರೆ ನಡುವಿನ ಬೈಟ್ 181, ಮೂರನೆಯದು ಅದೇ 166ರಿಂದ 175. ಹಾಗಾಗಿ ಸ್ಟ್ರ್‌ಟಾಡ್‌ಗೆ ಕೊಡುವ ಮೊದಲು ಈ ಮೂರು ಬೈಟುಗಳನ್ನು ಒಂದು ಸಾದಾ ಅಂಕೆಯಾಗಿ ಬದಲಾಯಿಸುವ ಪುಟ್ಟ ಫಂಕ್ಷನ್ ಹತ್ತು ಸಾಲಿನಲ್ಲಿ ಮುಗಿಯುತ್ತದೆ. ಹತ್ತು ಅಂಕೆಗೆ ಹತ್ತು ಪರೀಕ್ಷೆ, ಜೊತೆಗೆ ಸ್ಟ್ರಿಂಗ್‌ನ ಕೊನೆಯಲ್ಲಿ ಮೂರರ ಬದಲು ಎರಡೇ ಬೈಟ್ ಉಳಿದಿದ್ದರೆ ಏನಾಗುತ್ತದೆ ಅಂತ ಒಂದು.

ಉಳಿಕೆಯಲ್ಲಿ ಸ್ಪೇಸ್ ಮಾತ್ರ ಇದೆಯೇ ಅಂತ ನೋಡಲು ಈಸ್‌ಸ್ಪೇಸ್ ಬಳಸುತ್ತೀರಿ ಅಲ್ವಾ? ಅದಕ್ಕೆ ಕೊಡುವ ಮೊದಲು ಅನ್‌ಸೈನ್ಡ್ ಚಾರ್‌ಗೆ ಕಾಸ್ಟ್ ಮಾಡಿ. ನಮ್ಮ ಸಾಮಾನ್ಯ ಪಿಸಿಗಳಲ್ಲಿ ಚಾರ್ ಅಂದರೆ ಸೈನ್ಡ್, ಮೈನಸ್ ಬೆಲೆಯೂ ಇರುವಂಥದ್ದು, ಆಗ 224 ಅನ್ನುವ ಬೈಟ್ -32 ಆಗುತ್ತದೆ. ಅದನ್ನು ಈಸ್‌ಸ್ಪೇಸ್‌ಗೆ ಕೊಡುವುದು ಮಾನದಂಡದ ಪ್ರಕಾರ ತಪ್ಪು. ಇಂಗ್ಲಿಷ್ ಮಾತ್ರ ಪರೀಕ್ಷಿಸಿದವರಿಗೆ ಈ ದೋಷ ಯಾವತ್ತೂ ಕಾಣುವುದಿಲ್ಲ. ಕನ್ನಡದ ಒಂದು ಅಕ್ಷರ ಹಾಕಿದರೆ ಹೊರಗೆ ಬರಬಹುದು.

ಕಾಣದ ಬೈಟುಗಳಲ್ಲಿ ಎರಡನ್ನು ಮರೆಯಬೇಡಿ. ಎಕ್ಸೆಲ್‌ನಿಂದ ಯುಟಿಎಫ್-8 ಸಿಎಸ್‌ವಿ ಉಳಿಸಿದರೆ ಫೈಲಿನ ಶುರುವಿಗೆ 239, 187, 191 ಅನ್ನುವ ಮೂರು ಬೈಟ್ ಸೇರುತ್ತದೆ. ಆಗ ಮೊದಲ ಸಾಲಿನ ಮೊದಲ ಸಂಖ್ಯೆ ಮಾತ್ರ 0, ಉಳಿದದ್ದೆಲ್ಲ ಸರಿ. ಇನ್ನೊಂದು, ವೆಬ್ ಪುಟದಿಂದ ಕಾಪಿ ಮಾಡಿದಾಗ ಬರುವ ಮುರಿಯದ ಸ್ಪೇಸ್, 194 ಮತ್ತು 160. ನೋಡಲು ಸ್ಪೇಸೇ, ಸಿ ಲೊಕೇಲಿನಲ್ಲಿ (ಲೊಕೇಲ್ ಅಂದರೆ ಭಾಷೆ, ಪ್ರದೇಶದ ಸೆಟ್ಟಿಂಗ್) ಸ್ಪೇಸ್ ಅಲ್ಲ.

ಐದನೇ ಹೆಜ್ಜೆ: ಲೊಕೇಲ್

ದಶಮಾಂಶದ ಚುಕ್ಕಿ ಯಾವುದು ಅನ್ನುವುದನ್ನು ಸ್ಟ್ರ್‌ಟಾಡ್ ಲೊಕೇಲ್ ನೋಡಿ ತೀರ್ಮಾನಿಸುತ್ತದೆ. ಸಿ ಪ್ರೋಗ್ರಾಂ ಶುರುವಾಗುವುದು ಸಿ ಲೊಕೇಲಿನಲ್ಲಿ, ಅಲ್ಲಿ ಚುಕ್ಕಿಯೇ. ಕನ್ನಡ ಪಠ್ಯ ತೋರಿಸಬೇಕು ಅಂತ ನೀವು ಸೆಟ್‌ಲೊಕೇಲ್ ಕರೆದ ಕೂಡಲೇ ಯಂತ್ರದ ಸೆಟ್ಟಿಂಗ್ ಜಾರಿಗೆ ಬರುತ್ತದೆ. ಕನ್ನಡ, ಮಲಯಾಳ ಲೊಕೇಲುಗಳಲ್ಲೂ ಚುಕ್ಕಿಯೇ ಇರುವುದರಿಂದ ಕಾಸರಗೋಡಿನಲ್ಲಿ ಕೂತು ಎಷ್ಟು ಪರೀಕ್ಷಿಸಿದರೂ ತೊಂದರೆ ಕಾಣುವುದಿಲ್ಲ. ಜರ್ಮನ್ ಲೊಕೇಲ್ ಹಾಕಿ ನೋಡಿ. "64.350" ಕೊಟ್ಟರೆ 64 ಓದಿ ಚುಕ್ಕಿ ಹತ್ತಿರ ನಿಲ್ಲುತ್ತದೆ. "64,350" ಕೊಟ್ಟರೆ ಪೂರ್ತಿ ಓದುತ್ತದೆ.

ಸೆಟ್‌ಲೊಕೇಲ್ ನಲ್ ಕೊಟ್ಟರೆ ಆ ಲೊಕೇಲ್ ನಿಮ್ಮ ಯಂತ್ರದಲ್ಲಿ ಇಲ್ಲ ಅಂತ ಅರ್ಥ. ಆಗ ಪರೀಕ್ಷೆ "ಬಿಟ್ಟಿದ್ದೇನೆ" ಅಂತ ಹೇಳಬೇಕು, "ಪಾಸ್" ಅಂತ ಹೇಳಬಾರದು. ನಾನು ಒಂದು ತಿಂಗಳು ಹಾಗೆ ಸುಳ್ಳು ಪಾಸ್ ನೋಡಿ ಖುಷಿಪಟ್ಟಿದ್ದೇನೆ. ಪರಿಹಾರ ಸುಲಭ. ಅಕ್ಷರಕ್ಕೆ ಬೇಕಾದ ವಿಭಾಗವನ್ನು ಮಾತ್ರ ಬದಲಿಸಿ, ಅಂಕೆಯ ವಿಭಾಗವನ್ನು ಸಿ ಯಲ್ಲೇ ಬಿಡಿ.

ಆರನೇ ಹೆಜ್ಜೆ: ಅಂಚುಗಳು ಮತ್ತು ಉರುಟು

ಅಡಿಕೆ ಅಂಗಡಿಗೆ ಇದು ಬೇಡ. ಆದರೆ ನೀವೇ ಪರಿವರ್ತನೆಯ ಕೋಡ್ ಬರೆದಿದ್ದರೆ, ಅಥವಾ ಯಾವುದೋ ಚಿಕ್ಕ ಚಿಪ್ಪಿನ ಲೈಬ್ರರಿ ನಂಬುತ್ತಿದ್ದರೆ, ಬಿಡುವ ಹಾಗಿಲ್ಲ.

64 ಬಿಟ್ ಡಬಲ್‌ನ ಗರಿಷ್ಠ ಬೆಲೆ 1.7976931348623157 ಗುಣಿಸು ಹತ್ತರ ಘಾತ 308. ಕೊನೆಯ ಅಂಕೆಯನ್ನು 8 ಮಾಡಿದರೂ ಅದೇ ಗರಿಷ್ಠಕ್ಕೆ ಇಳಿಯಬೇಕು. 9 ಮಾಡಿದರೆ ಅನಂತ ಬರಬೇಕು, ಎರ್‌ನೋದಲ್ಲಿ ಇರೇಂಜ್ ಇರಬೇಕು. ಕೆಳಗಿನ ಅಂಚಿನಲ್ಲಿ ಹತ್ತರ ಘಾತ -400 ಕೊಟ್ಟರೆ 0 ಬರುತ್ತದೆ. ಅಲ್ಲಿ ಇರೇಂಜ್ ಹಾಕಬೇಕೋ ಬೇಡವೋ ಅನ್ನುವುದನ್ನು ಮಾನದಂಡ ಆಯಾ ಲೈಬ್ರರಿಗೆ ಬಿಟ್ಟಿದೆ. ಹಾಗಾಗಿ ಅದನ್ನು ಕಡ್ಡಾಯ ಮಾಡಬೇಡಿ. ಈ ಕೆಳಗಿನ ಅಂಚನ್ನು ತಾತ್ಸಾರ ಮಾಡಬಾರದು ಅನ್ನುವುದಕ್ಕೆ 2011ರ ಜನವರಿಯ ಕತೆ ಇದೆ. 2.2250738585072011 ಗುಣಿಸು ಹತ್ತರ ಘಾತ -308 ಅನ್ನುವ ಒಂದೇ ಒಂದು ಸಂಖ್ಯೆ ಓದಲು ಹೋಗಿ 32 ಬಿಟ್ ಪಿಎಚ್‌ಪಿ ಲೂಪಿನಲ್ಲಿ ಸಿಕ್ಕಿ ನಿಂತುಬಿಡುತ್ತಿತ್ತು. ಮರುತಿಂಗಳು ಜಾವಾದಲ್ಲೂ ಹೆಚ್ಚುಕಡಿಮೆ ಅದೇ ಕತೆ, ಕೊನೆಯ ಅಂಕೆ 1ರ ಬದಲು 2.

ಉರುಟು ಮಾಡುವುದಕ್ಕೆ, ಅಂದರೆ ರೌಂಡಿಂಗಿಗೆ, ನನಗೆ ಇಷ್ಟವಾದ ಜೋಡಿ ಇದು. ಎರಡರ ಘಾತ 53 ಅಂದರೆ 9007199254740992. ಅಲ್ಲಿಂದ ಮುಂದೆ ಡಬಲ್‌ನಲ್ಲಿ ಎರಡೆರಡರ ಅಂತರ. "9007199254740993" ಸರಿಯಾಗಿ ನಡುವೆ ಬೀಳುತ್ತದೆ. ನಡುವೆ ಬಿದ್ದಾಗ, ಡಬಲ್‌ನಲ್ಲಿ ಉಳಿಯುವ ಕೊನೆಯ ಬಿಟ್ ಸೊನ್ನೆ ಇರುವ ಕಡೆಗೆ ಹೋಗಬೇಕು, ಹಾಗಾಗಿ (ಕೊನೆಯ ಮೂರಂಕೆ ಮಾತ್ರ ಹೇಳುತ್ತೇನೆ) 992 ಕ್ಕೆ ಇಳಿಯುತ್ತದೆ. "9007199254740995" ಮಾತ್ರ 996 ಕ್ಕೆ ಏರುತ್ತದೆ. ಈಗ 993ರ ಮುಂದೆ ಚುಕ್ಕಿ ಹಾಕಿ, ಐವತ್ತು ಸೊನ್ನೆ ಬರೆದು, ಕೊನೆಗೆ ಒಂದು 1 ಇಡಿ. ಈಗ ನಡುವಿಗಿಂತ ಕೂದಲೆಳೆಯಷ್ಟು ಮೇಲೆ, ಹಾಗಾಗಿ 994 ಬರಬೇಕು. ಹತ್ತಿಪ್ಪತ್ತು ಅಂಕೆ ಓದಿ ಉಳಿದದ್ದನ್ನು ಎಸೆಯುವ ಸೋಮಾರಿ ಕೋಡ್ ಇಲ್ಲಿ ಸಿಕ್ಕಿಬೀಳುತ್ತದೆ.

ಕೈಬರಹದ ಪಟ್ಟಿ ಮುಗಿದ ಮೇಲೆ ಒಂದು ಲೂಪ್ ಓಡಿಸಿ. 64 ಯಾದೃಚ್ಛಿಕ ಬಿಟ್ ತೆಗೆದು ಮೆಮ್‌ಕಾಪಿಯಿಂದ ಡಬಲ್‌ಗೆ ಹಾಕಿ. ಅದು ನ್ಯಾನ್ ಅಥವಾ ಅನಂತವಾದರೆ ಬಿಡಿ. ಉಳಿದದ್ದನ್ನು 17 ಅಂಕೆಯಲ್ಲಿ ಸ್ಟ್ರಿಂಗ್ ಆಗಿ ಬರೆದು, ಮತ್ತೆ ಓದಿ, ಬಿಟ್ಟಿಗೆ ಬಿಟ್ ಹೋಲಿಸಿ. 17 ಅಂಕೆ ಇದ್ದರೆ ಯಾವುದೇ ಡಬಲ್ ತಪ್ಪದೆ ಮರಳಿ ಬರಬೇಕು. ಫ್ಲೋಟ್‌ಗೆ 9 ಸಾಕು. ಹೋಲಿಸಲು ಮೆಮ್‌ಸಿಎಂಪಿ ಬಳಸಿ. ಹಳೆಯ 32 ಬಿಟ್ ಯಂತ್ರಗಳಲ್ಲಿ ಪ್ರೊಸೆಸರ್ ಒಳಗೆ 80 ಬಿಟ್‌ನಲ್ಲಿ ಲೆಕ್ಕ ಮಾಡುವುದುಂಟು, ಆಗ ಸಮ-ಸಮ ಹೋಲಿಕೆ ಸುಮ್ನೆ ಕಾಡುತ್ತದೆ. ಆರ್ಡುಯಿನೋ ಊನೋ ಅನ್ನುವ ಪುಟ್ಟ ಬೋರ್ಡಿನ ಹಳೆಯ ಮಾದರಿಗಳಲ್ಲಿ (ಆರ್3 ವರೆಗಿನವು) ಈ ಹೆಜ್ಜೆಯ ಸಂಖ್ಯೆಗಳು ಯಾವುದೂ ಹೊಂದುವುದಿಲ್ಲ. ಅಲ್ಲಿ ಡಬಲ್ ಅಂದರೆ 4 ಬೈಟ್.

ಏಳನೇ ಹೆಜ್ಜೆ: ನಿಮ್ಮ ಹೊದಿಕೆಯ ಫಂಕ್ಷನ್

ಇಷ್ಟೆಲ್ಲ ಆದ ಮೇಲೆ ಪ್ರೋಗ್ರಾಂನ ಬೇರೆ ಯಾವ ಭಾಗವೂ ಸ್ಟ್ರ್‌ಟಾಡ್ ಅನ್ನು ನೇರ ಕರೆಯಬಾರದು. ತೂಕ ಓದಲು ಒಂದು ಫಂಕ್ಷನ್ ಮಾಡಿ. ಅದು ಮೊದಲು ಕನ್ನಡ ಅಂಕೆ ಬದಲಿಸಲಿ, ಚಿಹ್ನೆಯನ್ನು ತಾನೇ ತೆಗೆದು ಅದರ ಮುಂದಿನ ಸ್ಪೇಸ್ ದಾಟಲಿ, ಆಮೇಲೆ ಸಿಗುವುದು ಅಂಕೆಯೋ ಚುಕ್ಕಿಯೋ ಅಂತ ನೋಡಲಿ. ಇದೊಂದರಿಂದಲೇ ನಂದ, ಇನ್ಫ್ ಎಲ್ಲ ಬಾಗಿಲಲ್ಲೇ ನಿಲ್ಲುತ್ತಾರೆ. ತೂಕದಲ್ಲಿ ಇ, ಎಕ್ಸ್ ಬೇಡ ಅಂತಾದರೆ ಅದನ್ನೂ ಇಲ್ಲೇ ತಡೆಯಿರಿ. ಸ್ಟ್ರ್‌ಟಾಡ್ ಆದ ಮೇಲೆ ನಿಂತ ಜಾಗ, ಎರ್‌ನೋ, ಉಳಿಕೆ, ಮಿತಿ. ಎಲ್ಲ ಸರಿಯಿದ್ದರೆ ಮಾತ್ರ ಬೆಲೆ, ಇಲ್ಲದಿದ್ದರೆ ತಪ್ಪಿನ ಸಂಕೇತ. ಸೋತಾಗ 0 ಕೊಡುವ ಫಂಕ್ಷನ್ ಮಾತ್ರ ದಯವಿಟ್ಟು ಬರೆಯಬೇಡಿ. ಮೇಲಿನ ಪಟ್ಟಿಯನ್ನೇ ಈ ಫಂಕ್ಷನ್‌ಗೂ ಓಡಿಸಿ. ಉತ್ತರಗಳು ಬೇರೆ ಇರುತ್ತವೆ. "+  64.350" ಈಗ ಪಾಸ್ ಆಗಬೇಕು, "1,25,000.50" ತಪ್ಪು ಅನ್ನಿಸಿಕೊಳ್ಳಬೇಕು.

ಗ್ರಾಂಗೆ ಬದಲಿಸುವಾಗಲೂ ಎಚ್ಚರ. 1.005 ಕಿಲೋ ಕಾಳುಮೆಣಸನ್ನು 1000ರಿಂದ ಗುಣಿಸಿದರೆ ಡಬಲ್‌ನಲ್ಲಿ ಬರುವುದು 1004.9999999999999. ಅದನ್ನು ನೇರ ಇಂಟ್‌ಗೆ ಹಾಕಿದರೆ 1004. ಹತ್ತಿರದ ಪೂರ್ಣಾಂಕಕ್ಕೆ ಉರುಟು ಮಾಡುವ ಎಲ್‌ರೌಂಡ್ ಬಳಸಿದರೆ 1005. ಕಾಳುಮೆಣಸಿನ ರೇಟಿಗೆ ಒಂದು ಗ್ರಾಂ ಕೂಡ ಗ್ರಾಮೇ.

ಎಂಟನೇ ಹೆಜ್ಜೆ: ನಿಜವಾದ ಸಾಲುಗಳು

ತಕ್ಕಡಿಯ ಕೇಬಲಿನಿಂದ ಬರುವುದರಲ್ಲಿ, ಸ್ಟ್ರಿಂಗ್ ಮುಗಿಯಿತು ಅಂತ ಸಿ ಗೆ ಹೇಳುವ ಕೊನೆಯ ಸೊನ್ನೆ ಬೈಟ್ ಇರುವುದಿಲ್ಲ. ನೀವು ಹಾಕದಿದ್ದರೆ ಸ್ಟ್ರ್‌ಟಾಡ್ ಬಫರ್ ದಾಟಿ ಓದುತ್ತಾ ಹೋಗಬಹುದು. ಪರೀಕ್ಷೆಯನ್ನು ಅಡ್ರೆಸ್ ಸ್ಯಾನಿಟೈಸರ್ ಹಾಕಿಯೇ ಕಂಪೈಲ್ ಮಾಡಿ, ನಿಮ್ಮದೇ ಕೋಡ್ ಹಾಗೆ ಬಫರ್ ದಾಟಿ ಓದಿದ ಕೂಡಲೇ ಅದು ಕೂಗುತ್ತದೆ.

ಆಮೇಲೆ ಅಂಗಡಿಯಲ್ಲಿ ಒಂದು ದಿನ ಕೂತು, ತಕ್ಕಡಿ ಕಳಿಸುವುದನ್ನೆಲ್ಲ ಹಾಗ್ಹಾಗೇ ಫೈಲಿಗೆ ತುಂಬಿಸಿ. ಗೋಣಿ ಇಡುವಾಗ ಅಲ್ಲಾಡುವ ತೂಕ, ಖಾಲಿ ತಕ್ಕಡಿ, ಕರೆಂಟ್ ಹೋಗಿ ಬಂದದ್ದು, ಎಲ್ಲ ಇರಲಿ. ಆ ಫೈಲನ್ನೇ ಮನೆಯಲ್ಲಿ ಫಂಕ್ಷನ್‌ಗೆ ಉಣಿಸಿ. ನನ್ನ ಫೈಲಿನ ಮೊದಲ ಸಾಲೇ "4.350" ಆಗಿತ್ತು. ಪ್ರೋಗ್ರಾಂ ಶುರುವಾದದ್ದು ತಕ್ಕಡಿ ಸಾಲಿನ ನಡುವೆ ಇದ್ದಾಗ. ಪ್ಲಸ್, ಸ್ಪೇಸ್, 6 ಅಷ್ಟರಲ್ಲಿ ಹೋಗಿಯಾಗಿತ್ತು. ಸ್ಟ್ರ್‌ಟಾಡ್ ಅದನ್ನು ಚೊಕ್ಕವಾಗಿ ಓದಿತು, ಉಳಿಕೆ ಇಲ್ಲ, ಎರ್‌ನೋ ಇಲ್ಲ, ಮಿತಿಯೊಳಗೇ ಇದೆ. ಅರುವತ್ತು ಕಿಲೋ ಅಡಿಕೆ ಮಾತ್ರ ಮಾಯ. ಈಗ ನನ್ನ ಪ್ರೋಗ್ರಾಂ ಶುರುವಾದ ಮೇಲೆ ಮೊದಲ ಸಾಲು ಏನೇ ಬರಲಿ ಎಸೆಯುತ್ತದೆ, ಆಮೇಲಿನ ಪ್ರತಿ ಸಾಲಿನ ಉದ್ದವನ್ನೂ ಎಣಿಸುತ್ತದೆ. ನಮ್ಮ ತಕ್ಕಡಿಗೆ ಅದು 9 ಅಕ್ಷರ.